ಪಡಸಾಲೆಯಲ್ಲಿ ಮೂವತ್ತಾರು ಚೀಲ

ಔರಾದದ ಕಾಶೀರಾಮನ ಮನೆಯಲ್ಲಿ ಆ ವರ್ಷ ಜನವರಿ ಕೊನೆಯ ವಾರದಿಂದ ಯಾರಿಗೂ ಕಾಲು ಚಾಚಿ ಕೂರಲು ಜಾಗವಿರಲಿಲ್ಲ. ಆರು ಎಕರೆಯ ತೊಗರಿ ರಾಶಿಯಾಗಿ ಮನೆಗೆ ಬಂದಿತ್ತು. ಸರ್ಕಾರಿ ಖರೀದಿ ಕೇಂದ್ರದವರು ತಮ್ಮ ಲೆಕ್ಕಕ್ಕೆ ಬರುವಷ್ಟು ತೆಗೆದುಕೊಂಡ ಮೇಲೆ ಉಳಿದ ಮೂವತ್ತಾರು ಚೀಲಗಳನ್ನು ಮಗ ಕಪಿಲ ಪಡಸಾಲೆಯಲ್ಲಿ ಒಟ್ಟಿದ್ದ. ಗೋಡೆಯ ಮೇಲಿದ್ದ ಬುದ್ಧನ ಮತ್ತು ಬಾಬಾಸಾಹೇಬರ ಫೋಟೋಗಳ ಅಂಚಿನವರೆಗೂ ಚೀಲಗಳು ಏರಿದ್ದವು. ಟೀವಿಯಲ್ಲಿ ಸುದ್ದಿ ಓದುವವಳ ಬಲಗಡೆಯ ಅರ್ಧ ಮುಖವಷ್ಟೇ ಕಾಣುತ್ತಿತ್ತು. ಕಪಿಲನ ಹೆಂಡತಿ ಮಹಾಮಾಯಾಳ ಹೊಲಿಗೆ ಯಂತ್ರ ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಕೂತಿತ್ತು.

“ಬ್ಲೌಸ್ ಅಳತಿ ಕೊಡ್ಲಾಕ ಬಂದ ಹೆಣ್ಮಕ್ಕಳಿಗಿ ಒಲಿ ಬಾಜೂಕ ನಿಂದ್ರಸ್ಬೇಕೇನ್ರಿ?” ಎಂದಳು ಮಹಾಮಾಯಾ. “ನಿನ್ನಿ ಒಬ್ಬಾಕಿ ಹೊಸ ಸೀರಿ ಮ್ಯಾಲ ಒಗ್ಗರಣಿ ಸಿಡೀತು. ಸೀರಿ ತೊಳದು ಇಸ್ತ್ರಿ ಮಾಡಿ ಕೊಟ್ಟೀನಿ.”

“ಸ್ವಲ್ಪ ದಿನ ತಡಿ. ಡಾಲರ್ ಮ್ಯಾಲ ಹೊಂಟದ,” ಎಂದ ಕಪಿಲ.

“ಡಾಲರ್ ಮ್ಯಾಲ ಹೋದ್ರ ಈ ಚೀಲ ಹೊರಗ ಹೋಗ್ತಾವೇನ್ರಿ?”

“ಹೋಗ್ತಾವ. ಚಲೋ ರೇಟಿಗಿ ಹೋಗ್ತಾವ.”

ಕಾಶೀರಾಮ ಬಾಗಿಲಲ್ಲಿ ನಿಂತು ಚಪ್ಪಲಿ ಬಿಡಲು ಜಾಗ ಹುಡುಕುತ್ತಿದ್ದ. “ಮೂವತ್ತೆರಡು ವರ್ಷ ಕಂಡಕ್ಟರ್ ಕೆಲಸ ಮಾಡೀನಿ. ಸೀಟ್ ಸಿಗಲಾರದ ಬಸ್ ನೋಡೀನಿ. ಸೀಟ್ ಸಿಗಲಾರದ ಮನಿ ಇದೇ ಮೊದಲು!” ಎಂದು ಕಟ್ಟೆಯ ಮೇಲೆ ಹೋಗಿ ಕೂತ.

ಕಪಿಲನಿಗೆ ಆ ಚಳಿಗಾಲದಲ್ಲಿ ಒಂದು ಹೊಸ ಚಟ ಅಂಟಿತ್ತು. ಎದ್ದ ಕೂಡಲೇ ಮುಖ ತೊಳೆಯುವ ಮೊದಲು ಮೊಬೈಲ್ ತೆಗೆದು ಡಾಲರಿನ ಬೆಲೆ ನೋಡುವುದು, ನಳದಲ್ಲಿ ನೀರು ಬಂತು ಎನ್ನುವ ಹಾಗೆ ಕೂಗಿ ಹೇಳುವುದು.

“ತೊಂಬತ್ತು ರೂಪಾಯಿ ಹನ್ನೆರಡು ಪೈಸಾ!”

ಒಂದು ದಿನ ಅಜ್ಜಿ ಅಂಜನಾಬಾಯಿ ಅವನನ್ನು ಹತ್ತಿರ ಕರೆದಳು. ಅವಳಿಗೆ ಎಂಬತ್ತೆಂಟು ವರ್ಷ. ಕಿವಿ ಚುರುಕಾಗಿತ್ತು, ಬಾಯಿ ಅದಕ್ಕಿಂತ ಚುರುಕು.

“ಯಾರದೋ ದೇಶದ ರೊಕ್ಕ ಏರಿದ್ರ ನಿನಗ್ಯಾಕೋ ಇಷ್ಟ ಖುಷಿ?”

“ಹಿಂಗ ನೋಡು ಆಯಿ. ಆಫ್ರಿಕಾದಿಂದ, ಬರ್ಮಾದಿಂದ ಹಡಗಿನ್ಯಾಗ ತೊಗರಿ ಬರ್ತದ. ಮುಂಬೈದ ಸಾಹುಕಾರ್ರು ಅದಕ್ಕ ಡಾಲರ್ ಕೊಡಬೇಕು. ಡಾಲರ್ ತುಟ್ಟಿ ಆದ್ರ ಆ ತೊಗರಿ ತುಟ್ಟಿ. ಅವಾಗ ಅವರು ನಮ್ಮ ತೊಗರಿ ಕೇಳ್ಕೋತ ಬರ್ತಾರ.”

“ಅಷ್ಟೇ ಏನು? ಇದು ಹಾಲಿ-ಕಲ್ದಾರ ಮಾತು!” ಎಂದಳು ಅಂಜನಾಬಾಯಿ. “ನಮ್ಮಪ್ಪ ಸೋಲಾಪುರ ಮಿಲ್ಲಿನ್ಯಾಗ ದುಡೀತಿದ್ದ. ಅಲ್ಲಿ ಕಲ್ದಾರ, ಇಂಗ್ರೇಜರ ರೂಪಾಯಿ. ಇಲ್ಲಿ ನಿಜಾಮನ ಹಾಲಿ ಸಿಕ್ಕಾ. ಆರು ಕಲ್ದಾರ ಕೊಟ್ರ ಏಳು ಹಾಲಿ. ಅಪ್ಪ ಊರಿಗಿ ಬಂದ ದಿನ ನಾವೆಲ್ಲಾ ಸಾಹುಕಾರ್ರು. ಆದ್ರ ಸೋಲಾಪುರದ ಸೀರಿ ಬೇಕಂದ್ರ ಅವ್ವ ಏಳು ಹಾಲಿ ಕೊಟ್ಟು ಆರು ರೂಪಾಯಿದು ತರ್ತಿದ್ದಳು. ಎರಡು ದಿನ ಆ ಅಂಗಡ್ಯಾವಗ ಬೈತಿದ್ದಳು.”

ಕಪಿಲ ಬೆರಗಾಗಿ ನೋಡಿದ. ತಾನು ಮೂರು ವಾರ ಮೊಬೈಲಿನಲ್ಲಿ ವಿಡಿಯೋ ನೋಡಿ ತಿಳಿದುಕೊಂಡದ್ದು ಈ ಮುದುಕಿಗೆ ಎಂಟನೇ ವಯಸ್ಸಿಗೇ ಗೊತ್ತಿತ್ತು.

ಫೆಬ್ರವರಿಯ ಮೊದಲ ಭಾನುವಾರ ಆಮ್ರಪಾಲಿ ಬೀದರಿನಿಂದ ಬಸ್ಸು ಹತ್ತಿ ಬಂದಳು. ಕಪಿಲನಿಗಿಂತ ನಾಲ್ಕು ವರ್ಷ ದೊಡ್ಡ ಅಕ್ಕ. ಗಂಡ ಲಾರಿ ಓಡಿಸುತ್ತ ತಿಂಗಳಲ್ಲಿ ಇಪ್ಪತ್ತು ದಿನ ಹೊರಗೇ ಇರುತ್ತಿದ್ದ. ಅವಳು ಬೀದರಿನ ಚಿದ್ರಿಯಲ್ಲಿ ಎಂಬತ್ತು ಮಂದಿ ಕಾಲೇಜು ಹುಡುಗ ಹುಡುಗಿಯರಿಗೆ ಎರಡು ಹೊತ್ತು ಊಟ ಹಾಕುವ ಮೆಸ್ ನಡೆಸುತ್ತಿದ್ದಳು. ಭಾನುವಾರ ಸಂಜೆಗೆ ಮೆಸ್ಸಿಗೆ ರಜೆ.

ಬಂದವಳೇ ಚೀಲಗಳ ಸಂದಿಯಲ್ಲಿ ಅಡ್ಡಡ್ಡ ನುಸುಳಿ ಅಡುಗೆಮನೆ ಸೇರಿದಳು. “ಮಹಾಮಾಯಾ, ಇವತ್ತ ನೀ ಕೂಡು. ಅಡಗಿ ನಂದು,” ಎಂದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಬೇಳೆ. ಎಲ್ಲರೂ ಅಂಗಳದಲ್ಲಿ ಊಟಕ್ಕೆ ಕೂತರು. ಒಳಗೆ ಕೂರುವ ಮಾತೇ ಇರಲಿಲ್ಲ.

“ಬ್ಯಾಳಿ ಭಾಳ ಚಂದ ಆಗ್ಯಾದ,” ಎಂದಳು ಅಂಜನಾಬಾಯಿ.

“ಆಗ್ಲಾರದೇನು? ನಮ್ಮ ಹೊಲದ್ದು!” ಎಂದ ಕಪಿಲ, ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತ.

ಆಮ್ರಪಾಲಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. “ನಿನ್ನ ಹೊಲದ್ದಲ್ಲೋ. ಆಫ್ರಿಕಾದ್ದು. ಮುಂಬೈದಾಗ ಇಳದು ಬೀದರಿಗಿ ಬಂದದ. ಕಿಲೋ ತೊಂಬತ್ತಾರು ರೂಪಾಯಿ. ನಾ ಚೀಲದಾಗ ಹಾಕ್ಕೊಂಡು ಬಂದೆ.”

ಕಪಿಲನ ಕೈ ತಟ್ಟೆಯಲ್ಲೇ ನಿಂತಿತು. “ಅಕ್ಕಾ, ನೀ ನನ್ನ ಅಕ್ಕ ಇದ್ದೀಯೋ, ಹಡಗಿನವರ ಏಜೆಂಟ್ ಇದ್ದೀಯೋ?”

“ಎಂಬತ್ತು ಮಂದೀಗಿ ಉಣಸ್ತೇನಿ ನಾ. ಕಿಲೋ ಮ್ಯಾಲ ಇಪ್ಪತ್ತು ರೂಪಾಯಿ ಉಳದ್ರ ನನಗ ದೊಡ್ಡದು.”

“ತಮ್ಮನ ಮನ್ಯಾಗ ಹದಿನೆಂಟು ಕ್ವಿಂಟಲ್ ಬಿದ್ದದ. ಅದು ಕಾಣಂಗಿಲ್ಲ ನಿನಗ.”

“ನೀ ನನಗ ಕೊಡ್ತಿ ಅಂತ ಯಾವಾಗ ಅಂದಿ? ದಿನಾ ಡಾಲರ್ ಏರ್ಲಿ, ಏರ್ಲಿ ಅಂತಿ. ಅದು ಏರಿದ್ರ ನನಗ ಎಣ್ಣಿ ತುಟ್ಟಿ, ಗ್ಯಾಸ್ ತುಟ್ಟಿ. ಊಟದ ರೊಕ್ಕ ಹೆಚ್ಚಿಗಿ ಕೇಳಿದ್ರ ಹುಡುಗ್ರು ಬಾಜೂದ ಮೆಸ್ಸಿಗಿ ಹೋಗ್ತಾರ. ನಿನ್ನ ಖುಷಿ ನನ್ನ ತೆಲಿ ಮ್ಯಾಲ ಬೀಳ್ತದ ಕಪಿಲಾ!”

ದನಿ ಏರಿತು. ಆಚೆ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಅಂಜನಾಬಾಯಿ ಮಾತ್ರ ಊಟ ನಿಲ್ಲಿಸಲಿಲ್ಲ.

“ಆ ಊರಾಗೂ ಯಾವಳೋ ಹೆಣ್ಮಗಳು ಬಗ್ಗಿ ಕಳೆ ತಗದಿರ್ತಾಳ. ಬ್ಯಾಳಿ ಮ್ಯಾಲ ಸಿಟ್ಟ ಮಾಡಬ್ಯಾಡ, ಉಣ್ಣು,” ಎಂದಳು. ಕೊನೆಯ ತುತ್ತು ಮುಗಿಸಿ ಕೈ ತೊಳೆದು ಮೊಮ್ಮಗನ ಕಡೆ ತಿರುಗಿದಳು. “ಬ್ಯಾಳಿ ಮಾಡಿ ಕೊಟ್ರ ನಿನಗ ಎಷ್ಟ ಬೇಕು?”

“ಅಸಲಿ ಊರ ಬ್ಯಾಳಿ ಬೀದರದಾಗ ನೂರಾ ಹದಿನಾರು ನಡದದ.”

“ಆಕೀಗಿ ಹೊರಗಿಂದು ತೊಂಬತ್ತಾರಕ್ಕ ಸಿಗ್ತದ. ನಡುವ ನೂರಾ ಆರು. ಮನಿಯೊಳಗ ಇದೇ ರೇಟು. ಹೊರಗ ಏರ್ಲಿ, ಇಳೀಲಿ, ಈ ಮೂವತ್ತಾರು ಚೀಲ ಮುಗಿಯೂತನಕ ಯಾರೂ ಬಾಯಿ ತಗಿಬಾರ್ದು. ಒಪ್ಪಿಗಿ?”

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮ್ರಪಾಲಿ ಮೊದಲು ತಲೆಯಾಡಿಸಿದಳು. ಕಪಿಲ ಅರ್ಧ ರೊಟ್ಟಿ ಮುಗಿಸುವವರೆಗೆ ಕಾಯಿಸಿ ‘ಹೂಂ’ ಅಂದ.

“ಟಿಕೆಟ್ ಹರದಾಯ್ತು. ಇನ್ನ ವಾಪಸ್ ಇಲ್ಲ,” ಎಂದ ಕಾಶೀರಾಮ.

ಆದರೆ ತೊಗರಿಯನ್ನು ಬೇಳೆ ಮಾಡಿಸುವವರು ಯಾರು? ಗಿರಣಿ ಇದ್ದದ್ದು ಭಾಲ್ಕಿಯಲ್ಲಿ. ಕಪಿಲನಿಗೆ ಕಡಲೆ ಕೀಳುವ ಕೆಲಸವಿತ್ತು. ಕಾಶೀರಾಮನ ಮೊಣಕಾಲು ಟೆಂಪೋ ಹತ್ತಲು ಒಪ್ಪುತ್ತಿರಲಿಲ್ಲ.

“ಚೀಲ ಹೊರಗ ಹೋಗೂದಾದ್ರ ನಾ ಭಾಲ್ಕಿಗ್ಯಾಕ, ದಿಲ್ಲಿಗೂ ಹೋಗ್ತೇನಿ,” ಎಂದಳು ಮಹಾಮಾಯಾ.

ಆ ವಾರವೇ ಆರು ಚೀಲ ಟೆಂಪೋದಲ್ಲಿ ಭಾಲ್ಕಿಗೆ ಹೋದವು. ಗಿರಣಿಯ ವೈಜಿನಾಥ ಐವತ್ತು ದಾಟಿದ ಮನುಷ್ಯ. ಅವನು ಮೊದಲು ಟೆಂಪೋ ಡ್ರೈವರನ ಜೊತೆ ಮಾತಾಡಿದ. ಮಹಾಮಾಯಾ ನಡುವೆ ಬಂದು ನಿಂತಳು.

“ಮಾಲು ನಮ್ದದರಿ. ನನಗ ಹೇಳ್ರಿ.”

“ನೀವು ಹೋಗ್ರಿ ತಾಯಿ. ಎಣ್ಣಿ ಹಚ್ಚಬೇಕು, ಬಿಸಲಿಗಿ ಹಾಕಬೇಕು, ನಾಕ ದಿನ ಹಿಡೀತದ. ಆದ ಮ್ಯಾಲ ಫೋನ್ ಮಾಡ್ತೇವು.”

“ನಾಕ ದಿನಾನೂ ಬಂದು ಹೋಗ್ತೇನ್ರಿ. ಬಸ್ಸಿಗಿ ಹೆಣ್ಮಕ್ಕಳಿಗಿ ಟಿಕೆಟ್ ಇಲ್ಲ.”

ವೈಜಿನಾಥನಿಗೆ ನಗು ಬಂತು. ಅವಳು ನಾಲ್ಕು ದಿನವೂ ಬಂದಳು. ತೊಗರಿಗೆ ಎಣ್ಣೆ ಉಣಿಸುವುದು, ಕಲ್ಲಿನಲ್ಲಿ ಸಿಪ್ಪೆ ಬಿಡಿಸುವುದು, ಜರಡಿಯಲ್ಲಿ ಇಡೀ ಬೇಳೆ ಬೇರೆ, ನುಚ್ಚು ಬೇರೆ ಆಗುವುದನ್ನು ನಿಂತು ನೋಡಿದಳು. ಕೊನೆಯ ದಿನ ಕೇಳಿದಳು, “ಈ ಹೊಟ್ಟು ಯಾರದ್ರಿ?”

“ಅದು ಗಿರಣಿದು. ಎಲ್ಲಾರೂ ಬಿಟ್ಟು ಹೋಗ್ತಾರ.”

“ನಮ್ಮನ್ಯಾಗ ಎರಡು ಎಮ್ಮಿ ಅದಾವ್ರಿ. ಅವು ಬಿಡಂಗಿಲ್ಲ.”

ಮುನ್ನೂರು ಕಿಲೋ ತೊಗರಿಗೆ ಇನ್ನೂರ ಎಂಟು ಕಿಲೋ ಬೇಳೆ ಬಂತು. ಬೇಳೆ ಬೀದರಿಗೆ ಹೋಯಿತು. ನುಚ್ಚು ಮನೆಗೆ ಬಂದು ಮೂರು ದಿನ ಎಲ್ಲರ ಊಟವಾಯಿತು. ಹೊಟ್ಟು ಎಮ್ಮೆಗಳ ಮುಂದೆ ಬಿತ್ತು. ಹಾಲು ಅರ್ಧ ಲೀಟರ್ ಹೆಚ್ಚಾಯಿತು ಎಂದು ಅಂಜನಾಬಾಯಿ ಓಣಿಗೆಲ್ಲ ಸಾರಿದಳು. ಅರ್ಧ ಲೀಟರ್ ಅಲ್ಲ, ಒಂದು ಲೋಟ ಎಂದು ಕಾಶೀರಾಮ ತಿದ್ದಿದ.

ತಿಂಗಳಿಗೆ ಆರು ಚೀಲದಂತೆ ಪಡಸಾಲೆ ತೆರವಾಗತೊಡಗಿತು. ಮಾರ್ಚ್‌ನಲ್ಲಿ ಟೀವಿ ಪೂರ್ತಿ ಕಂಡಿತು.

ಆದರೆ ಮಾರ್ಚ್‌ನಲ್ಲೇ ಮುಂಬೈಗೆ ಸಾಲುಸಾಲು ಹಡಗು ಬಂದು ತೊಗರಿಯ ದರ ಇಳಿಯಿತು. ಡಾಲರ್ ಕೂಗುವುದನ್ನು ಕಪಿಲ ಬಿಟ್ಟ. “ಅಕ್ಕ ಈಗ ಬ್ಯಾಡ ಅಂತಾಳ ನೋಡು,” ಎಂದು ಹೆಂಡತಿಗೆ ಹೇಳಿದ. ಆಮ್ರಪಾಲಿ ಬೇಡ ಅನ್ನಲಿಲ್ಲ. ಎರಡನೆಯ ಕಂತಿನ ಬೇಳೆ ಇಳಿಸಿಕೊಂಡಳು, ನೂರಾ ಆರರ ಲೆಕ್ಕದಲ್ಲೇ ಹಣ ಕಳಿಸಿದಳು. ಮಂಡಿಯಲ್ಲಿ ಇಳಿದದ್ದು ಕಿರಾಣಿ ಅಂಗಡಿಗೆ ಮುಟ್ಟಲು ತಡವಾಗುತ್ತದೆ, ಬೀದರಿನಲ್ಲಿ ಇನ್ನೂ ಹಳೆಯ ರೇಟೇ ಇರಬೇಕು ಎಂದು ಕಪಿಲ ಸಮಾಧಾನ ಮಾಡಿಕೊಂಡ.

ಏಪ್ರಿಲ್ ನಡುವೆ ಗಾಳಿ ತಿರುಗಿತು. ಡಾಲರ್ ಮತ್ತೆ ಏರಿತು. ಬರಬೇಕಾದ ಹಡಗುಗಳು ತಡವಾದವು ಎಂಬ ಸುದ್ದಿ ಬಂತು. ಒಂದು ಮಧ್ಯಾಹ್ನ ಧಾನ್ಯ ಖರೀದಿಸುವ ಅಡತಿ ಅಂಗಡಿಯ ಅಮಿತಕುಮಾರ ಮೋಟಾರ್ ಸೈಕಲ್ ಮೇಲೆ ಮನೆಗೇ ಬಂದ. ಉಳಿದ ಚೀಲಗಳಲ್ಲಿ ಒಂದಕ್ಕೆ ಕೊಕ್ಕೆ ಚುಚ್ಚಿ ನಾಲ್ಕು ಕಾಳು ತೆಗೆದು ಹಲ್ಲಿನಲ್ಲಿ ಕಡಿದ.

“ಕ್ವಿಂಟಲಿಗಿ ಎಂಟು ಸಾವಿರದ ಎಂಟು ನೂರು. ನಾಳಿ ಸಂಜಿಗಿ ಗಾಡಿ ಕಳಸ್ತೇನಿ.”

ಮನೆಯ ರೇಟಿನಲ್ಲಿ ಕ್ವಿಂಟಲಿಗೆ ಏಳೂವರೆ ಸಾವಿರವೂ ಬೀಳುತ್ತಿರಲಿಲ್ಲ. ಮನೆಯಲ್ಲಿ ಉಳಿದಿದ್ದದ್ದು ಹದಿನೆಂಟು ಚೀಲ, ಒಂಬತ್ತು ಕ್ವಿಂಟಲ್. ಕಪಿಲ ನಿಂತಲ್ಲೇ ಲೆಕ್ಕ ಹಾಕಿದ. “ಆಯ್ತು, ಕಳಸ್ರಿ,” ಎಂದ.

ಅಮಿತಕುಮಾರ ಹೋದ ಮೇಲೆ ಮಹಾಮಾಯಾ ಹೊಲಿಗೆ ನಿಲ್ಲಿಸಿದಳು. “ಆಯಿ ಮಾತು ಕೊಟ್ಟಾರಲ್ರಿ.”

“ಆಯಿ ಕೊಟ್ಟಾಳ. ನಾ ಬರೇ ಹೂಂ ಅಂದೀನಿ.”

“ಹೂಂ ಅಂದ್ರ ಏನ್ರಿ ಮತ್ತ?”

“ಹನ್ನೆರಡು ಸಾವಿರ ಹೆಚ್ಚಿಗಿ ಬರ್ತದ. ಅಕ್ಕಗ ನಾನೇ ತಿಳಿಸಿ ಹೇಳ್ತೇನಿ. ನಾಳಿ ಹ್ಯಾಂಗೂ ಈ ತಿಂಗಳ ಬ್ಯಾಳಿ ಕೊಡ್ಲಾಕ ಹೋಗ್ತೇನಿ.”

ರಾತ್ರಿ ಊಟಕ್ಕೆ ಎಲ್ಲರ ತಟ್ಟೆಗೂ ಬೇಳೆ ಬಿತ್ತು, ಕಪಿಲನ ತಟ್ಟೆಯಲ್ಲಿ ಮಾತ್ರ ಎರಡು ರೊಟ್ಟಿ, ಚಿಟಿಕೆ ಶೇಂಗಾ ಚಟ್ನಿಪುಡಿ.

“ಬ್ಯಾಳಿ?”

“ತುಟ್ಟಿ ಆಗ್ಯಾದಲ್ರಿ. ಎಂಟು ಸಾವಿರದ ಎಂಟು ನೂರು.”

ಅಂಜನಾಬಾಯಿ ತಲೆ ತಗ್ಗಿಸಿ ನಕ್ಕಳು. ಕಾಶೀರಾಮ ಕೆಮ್ಮಿದ. ಕಪಿಲ ಒಣ ರೊಟ್ಟಿ ತಿಂದು ಎದ್ದ.

ಮರುದಿನ ಹತ್ತು ಗಂಟೆಗೆ ಅವನು ಬೇಳೆಯ ಮೂಟೆಗಳ ಜೊತೆ ಚಿದ್ರಿಯ ಮೆಸ್ಸಿಗೆ ಬಂದಾಗ ಅಕ್ಕ ಇರಲಿಲ್ಲ. ಗ್ಯಾಸ್ ಸಿಲಿಂಡರ್ ತರಲು ಹೋಗಿದ್ದಳು. ಬಾಗಿಲಲ್ಲಿ ಅನ್ವರಿ ಬೇಗಂ ಬದನೆಕಾಯಿ ಹೆಚ್ಚುತ್ತ ಕೂತಿದ್ದಳು. ಪಕ್ಕದ ಮೆಸ್ ಅವಳದು. ಇಬ್ಬರೂ ಗಿರಾಕಿಗಳಿಗಾಗಿ ಜಗಳಾಡುತ್ತಿದ್ದರು, ತರಕಾರಿ ಮಾತ್ರ ಕೂಡಿಯೇ ಹೆಚ್ಚುತ್ತಿದ್ದರು.

“ಬಾ ಭಾಯಿ, ಕೂಡು. ನಿಮ್ಮ ಅಕ್ಕಗ ನಾ ಭಾಳ ಬೈದೀನಿ, ನಿನಗೂ ಬೈಬೇಕಂತ ಕಾಯ್ಲತ್ತೀನಿ.”

“ಯಾಕ್ರಿ?”

“ಮಾರ್ಚಿಯಿಂದ ನಾ ಬ್ಯಾಳಿ ತೊಂಬತ್ತಕ್ಕ ತಗೊಂಡೀನಿ. ನಿಮ್ಮ ಅಕ್ಕ ಮೊದಲ ತಗೋತಿದ್ದ ಅದೇ ಅಂಗಡಿ, ಅದೇ ಬಜಾರ. ನಿಮ್ಮ ಅಕ್ಕ ನೂರಾ ಆರಕ್ಕ! ‘ದಿವಾನಿ ಆಗೀಯೇನು ಹುಚ್ಚಿ?’ ಅಂದೆ. ‘ತಮ್ಮಗ ಮಾತು ಕೊಟ್ಟೀನಿ’ ಅಂದಳು. ಆ ಖರ್ಚು ಸರಿ ಮಾಡ್ಲಾಕ ದಿನಾ ಸಂಜಿಗಿ ಮಿರ್ಚಿ ಭಜಿ ಕರೀತಾಳ. ಅಲ್ಲಿ ನೋಡು.”

ಗೋಡೆಗೆ ಒರಗಿಸಿಟ್ಟ ಹೊಸ ಕಬ್ಬಿಣದ ಕಡಾಯಿಯನ್ನು ಕಪಿಲ ನೋಡಿದ. ಪಕ್ಕದಲ್ಲಿ ‘ಬಿಸಿ ಭಜಿ, ಪ್ಲೇಟ್ ಇಪ್ಪತ್ತು’ ಎಂದು ಅಕ್ಕನ ಕೈಬರಹದ ಹಲಗೆ. ಅವನು ಬದನೆಕಾಯಿ ಬುಟ್ಟಿ ಎಳೆದುಕೊಂಡು ತಾನೂ ಹೆಚ್ಚತೊಡಗಿದ.

ಸ್ಕೂಟಿಯ ಮೇಲೆ ಕಾಲ ನಡುವೆ ಸಿಲಿಂಡರ್ ನಿಲ್ಲಿಸಿಕೊಂಡು ಆಮ್ರಪಾಲಿ ಬಂದಳು. “ಅರೆ, ಯಾವಾಗ ಬಂದಿ? ಮಾರಿ ಯಾಕ ಹಿಂಗ ಆಗ್ಯಾದೋ? ಮಹಾಮಾಯಾ ಊಟ ಹಾಕಿಲ್ಲೇನು?”

“ಹಾಕ್ಯಾಳ. ಬ್ಯಾಳಿ ಹಾಕಿಲ್ಲ.”

“ಡಾಲರ್ ಏರ್ಯಾದಂತಲ್ಲ,” ಎಂದಳು ಆಮ್ರಪಾಲಿ ಸಿಲಿಂಡರ್ ಉರುಳಿಸುತ್ತ. “ಮನಿಗಿ ಯಾರರೇ ಬಂದು ಕೇಳಿರಬೇಕು. ಚಲೋ ರೇಟ್ ಸಿಕ್ರ ಮಾರ್ಕೋ ತಮ್ಮಾ. ನಾ ಏನೂ ಅನ್ನಂಗಿಲ್ಲ. ಆಯಿಗಿ ನಾ ಹೇಳ್ತೇನಿ.”

ಕಪಿಲ ಚಾಕು ಕೆಳಗಿಟ್ಟು ಮೊಬೈಲ್ ತೆಗೆದ. “ಅಮಿತಕುಮಾರ್ರಿ, ಗಾಡಿ ಕಳಸಬ್ಯಾಡ್ರಿ. ಮಾಲು ಕೊಡಂಗಿಲ್ಲ... ಒಂಬತ್ತು ಸಾವಿರಾನೂ ಬ್ಯಾಡ್ರಿ... ಸಿಟ್ಟಿಲ್ರಿ. ಅದು ನಮ್ಮ ಅಕ್ಕಂದು, ನಾ ನಿಮಗ ಮೊದಲೇ ಹೇಳಬೇಕಿತ್ತು.”

ಅನ್ವರಿ ಬೇಗಂ ಅಕ್ಕ ತಮ್ಮನನ್ನು ಒಮ್ಮೆ ನೋಡಿದಳು. “ಒಂಬತ್ತು ಸಾವಿರಕ್ಕ ಬ್ಯಾಡ ಅಂದ! ನಿಮ್ಮ ಮನಿ ಮಂದೀನೇ ಹಿಂಗೇನು?” ಎಂದು ಹಣೆ ಬಡಿದುಕೊಂಡಳು.

ಆಮ್ರಪಾಲಿ ಬೆಳಿಗ್ಗೆ ಹನ್ನೊಂದಕ್ಕೇ ಕಡಾಯಿ ಒಲೆಗೇರಿಸಿ ತಮ್ಮನಿಗೆ ಭಜಿ ಕರಿದಳು. ಅವನು ಹನ್ನೊಂದು ತಿಂದ. ಅವಳು ಮೂಗು ಒರೆಸಿಕೊಂಡದ್ದು ಮೆಣಸಿನಕಾಯಿಯ ಘಾಟಿಗೆ ಎಂದು ಮೂವರೂ ಒಪ್ಪಿಕೊಂಡರು.

ಆ ರಾತ್ರಿ ಔರಾದದಲ್ಲಿ ಕಪಿಲನ ತಟ್ಟೆಗೆ ಮಹಾಮಾಯಾ ಮೂರು ಸೌಟು ಬೇಳೆ ಸುರಿದಳು. “ಸಾಕು, ಸಾಕು,” ಎಂದರೂ ಬಿಡಲಿಲ್ಲ.

ಮೇ ಕೊನೆಯ ವಾರ ಕಾಲೇಜಿಗೆ ರಜೆ ಬಿತ್ತು. ಜೂನ್ ಮೊದಲ ಭಾನುವಾರ ಆಮ್ರಪಾಲಿ ಅನ್ವರಿ ಬೇಗಂಳನ್ನೂ ಕರೆದುಕೊಂಡು ಔರಾದಕ್ಕೆ ಬಂದಳು. ಹೊರಗಿನ ಬೇಳೆ ಕಿಲೋಗೆ ನೂರಾ ಹದಿನೆಂಟು ದಾಟಿತ್ತು. ಅನ್ವರಿ ಬೇಗಂ ಕೂತು ನೀರು ಕುಡಿಯುವ ಮೊದಲೇ ಮಾತು ತೆಗೆದಳು.

“ನನಗೂ ನಿಮ್ಮ ಮನಿ ರೇಟ್ ಬೇಕು ಅಮ್ಮಾ. ಒಂದು ವರ್ಷ ಏರಬಾರ್ದು, ಇಳೀಬಾರ್ದು. ನಮ್ಮ ಓಣ್ಯಾಗ ಇನ್ನ ಎರಡು ಮೆಸ್ಸಿನವರು ಕೇಳ್ಲತ್ತಾರ.”

“ಅಷ್ಟ ತೊಗರಿ ಎಲ್ಲಿದ್ರಿ ನಮ್ಮಲ್ಲಿ?” ಎಂದ ಕಪಿಲ. “ಹನ್ನೆರಡು ಚೀಲ ಉಳದಾವ.”

ಬಾಗಿಲ ಬಳಿ ನಿಂತಿದ್ದ ಮಹಾಮಾಯಾ ಮುಂದೆ ಬಂದಳು. “ನಮ್ಮ ಓಣ್ಯಾಗ ಒಂಬತ್ತು ಮನ್ಯಾಗ ತೊಗರಿ ಚೀಲ ಅದಾವ್ರಿ. ನಾ ಎಲ್ಲಾರಿಗೂ ಕೇಳೀನಿ. ಅವರಿಗಿ ತಿಂಗಳ ತಿಂಗಳ ರೊಕ್ಕ ಕೊಟ್ರ ಸಾಕಂತ. ಅವರ ತೊಗರಿ ನಾ ತಗೋತೇನಿ. ಭಾಲ್ಕಿಗಿ ಒಯ್ಯೂದು, ನಿಂತು ಮಾಡಸೂದು, ಬೀದರಿಗಿ ಮುಟ್ಟಸೂದು ನಂದು. ಕಿಲೋಗೆ ನೂರಾ ಹತ್ತು.”

“ನೂರಾ ಆರು ಇತ್ತಲ್ಲ?” ಎಂದಳು ಆಮ್ರಪಾಲಿ.

“ನಮ್ಮ ಹನ್ನೆರಡು ಚೀಲ ಅದೇ ರೇಟಿಗಿ ಬರ್ತಾವ. ಓಣಿದ್ದಕ್ಕ ಎರಡು ರೂಪಾಯಿ ತೊಗರಿಯವರಿಗಿ ಹೆಚ್ಚಿಗಿ. ಎರಡು ರೂಪಾಯಿ ನನಗ.”

ಕಪಿಲ ಹುಬ್ಬು ಏರಿಸಿದ. “ಮನಿ ಕೆಲಸಕ್ಕ ಎಂಥಾ ಕೂಲಿ ಮಹಾಮಾಯಾ?”

“ಇಷ್ಟು ದಿನ ಮನಿ ಕೆಲಸ ಇತ್ತರಿ. ಈಗ ಧಂದಾ ಆಯ್ತು.”

ಅನ್ವರಿ ಬೇಗಂ ತೊಡೆ ತಟ್ಟಿ ನಕ್ಕಳು. “ಸಚ್ಚಿ ಮಾತು! ನೂರಾ ಹತ್ತು ನನಗ ಕಬೂಲ್!” ಆಮ್ರಪಾಲಿ ನೂರಾ ಒಂಬತ್ತು ಎಂದಳು. ಮಹಾಮಾಯಾ ಜಗ್ಗಲಿಲ್ಲ. ಅಕ್ಕನ ಪರವಾಗಿ ಮಾತಾಡಬೇಕೋ ಹೆಂಡತಿಯ ಪರವಾಗಿಯೋ ತಿಳಿಯದೆ ಕಪಿಲ ಚಹಾ ಮಾಡುತ್ತೇನೆಂದು ಒಳಗೆ ಹೋದ. ಅವನು ತಂದ ಚಹಾದಲ್ಲಿ ಸಕ್ಕರೆ ಇರಲಿಲ್ಲ. ಆ ಗಲಾಟೆಯಲ್ಲಿ ನೂರಾ ಹತ್ತೇ ಗಟ್ಟಿಯಾಯಿತು.

ಮುಂದಿನ ವಾರ ಭಾಲ್ಕಿಯ ಗಿರಣಿಯಲ್ಲಿ ಮಹಾಮಾಯಾ ನಿಂತಿದ್ದಾಗ ಫೋನು ಬಂತು. ಜರಡಿಯಿಂದ ಹೊಸ ಬೇಳೆ ಹಳದಿಯಾಗಿ ಸುರಿಯುತ್ತಿತ್ತು. ವೈಜಿನಾಥ ಅವಳಿಗೆಂದು ಕುರ್ಚಿ ಹಾಕಿಸಿದ್ದ. ಅವಳು ಅದರ ಮೇಲೆ ಕೂರದೆ ತೂಕದ ಕಡೆ ಕಣ್ಣಿಟ್ಟಿದ್ದಳು. ಯಂತ್ರದ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸಲಿಲ್ಲ.

“ಹಲೋ! ಏನ್ರೀ?”

“ರೊಟ್ಟಿ ಹರೀಲತ್ತದ!” ಕಪಿಲ ಕೂಗುತ್ತಿದ್ದ. “ತಟ್ಟೂವಾಗ ಹರೀಲತ್ತದ, ಏನ್ ಮಾಡ್ಲಿ?”

“ಬಿಸಿ ನೀರ ಹಾಕೀರೇನ್ರಿ?”

“ತಣ್ಣಂದು ಹಾಕೀನಿ!”

ಅವನ ಹಿಂದೆ ಅಂಜನಾಬಾಯಿ ಜೋರಾಗಿ ನಗುವುದು, “ನಾ ಹೇಳೀನಿ ಅವಗ, ಕೇಳಂಗಿಲ್ಲ ಅವಾ!” ಎನ್ನುವುದು, ಕಾಶೀರಾಮ “ನನಗ ಹಸಿವ್ಯಾಗ್ಯಾದ!” ಎಂದು ಕೂಗುವುದು ಸ್ಪಷ್ಟವಾಗಿ ಕೇಳಿಸಿತು. ಮಹಾಮಾಯಾಳಿಗೆ ನಗು ತಡೆಯಲಾಗಲಿಲ್ಲ. ಗಿರಣಿಯ ಹೆಣ್ಣಾಳುಗಳು ಇವಳೇಕೆ ಒಬ್ಬಳೇ ನಗುತ್ತಾಳೆಂದು ತಿರುಗಿ ನೋಡಿದರು.

“ಇವತ್ತ ಅನ್ನ ಮಾಡ್ರಿ,” ಎಂದಳು. “ನಾ ಐದರ ಬಸ್ಸಿಗಿ ಬರ್ತೇನಿ. ರೊಟ್ಟಿ ತಟ್ಟೂದು ನಾಳಿ ಕಲಿಸ್ತೇನಿ.”